ಹಟಮಾರಿ ಮಗು ಮತ್ತು ಮಿದುಳಿನ ರಸಾಯನ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಪೋಷಕರು, ಅಧ್ಯಾಪಕರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹರೂಪ)



ಇಂತಹ ಸಮಾರಂಭಗಳಲ್ಲಿ ಸಾಮಾನ್ಯವಾಗಿ ನಾವು ಹೆಚ್ಚು ಅಂಕ ಪಡೆದ ಮಕ್ಕಳ ಬಗ್ಗೆ ಮಾತನಾಡುತ್ತೇವೆ. ಅವರಿಗೆ ಬಹುಮಾನ ಕೊಡುತ್ತೇವೆ, ಫೋಟೋ ತೆಗೆಸುತ್ತೇವೆ. ಅದು ಸರಿಯಾದದ್ದೇ. ಇಂದು ಮಾತ್ರ ನಾನು ಬಹುಮಾನದ ಪಟ್ಟಿಯಲ್ಲಿ ಹೆಸರು ಬಾರದ ಒಂದು ಮಗುವಿನ ಬಗ್ಗೆ ಮಾತನಾಡಲು ಬಯಸುತ್ತೇನೆ. ಆ ಮಗು ಎಲ್ಲ ಶಾಲೆಗಳಲ್ಲೂ ಇದೆ, ಎಲ್ಲ ಮೊಹಲ್ಲಾಗಳಲ್ಲೂ ಇದೆ. ಹೇಳಿದ ಮಾತು ಕೇಳುವುದಿಲ್ಲ, ದೊಡ್ಡವರಿಗೆ ಎದುರು ಮಾತನಾಡುತ್ತದೆ, ಸಣ್ಣ ಕಾರಣಕ್ಕೆ ಕೈ ಎತ್ತುತ್ತದೆ, ವಸ್ತುಗಳನ್ನು ಎಸೆಯುತ್ತದೆ. ಮನೆಯಲ್ಲಿ ಅದಕ್ಕೆ 'ಜಿದ್ದಿ' ಎಂಬ ಹೆಸರು, ತರಗತಿಯಲ್ಲಿ 'ರೌಡಿ' ಎಂಬ ಹೆಸರು. ಕೊನೆಗೆ ಒಂದು ದಿನ ಅದರ ಕೈಗೆ ವರ್ಗಾವಣೆ ಪತ್ರ ಬರುತ್ತದೆ. ಅಲ್ಲಿಂದ ಅದು ಗ್ಯಾರೇಜಿಗೋ ಹೋಟೆಲಿಗೋ ಹೋಗುತ್ತದೆ.

ಇದು ಒಂದು ವಿದ್ಯಾಸಂಘದ ಚಿಂತನೆಗೆ ಸೇರಿದ ವಿಷಯವೇ ಎಂದು ನೀವು ಕೇಳಬಹುದು. 2006ರಲ್ಲಿ ಸಾಚಾರ್ ಸಮಿತಿ ತನ್ನ ವರದಿಯಲ್ಲಿ, 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ನೂರಕ್ಕೆ 25ರಷ್ಟು ಮಂದಿ ಶಾಲೆಗೆ ಸೇರಿಯೇ ಇಲ್ಲ ಅಥವಾ ನಡುವೆ ಬಿಟ್ಟಿದ್ದಾರೆ ಎಂದು ತಿಳಿಸಿತು. ಇದಕ್ಕೆ ಬಡತನ ದೊಡ್ಡ ಕಾರಣ. ಆದರೆ ಬಡತನ ಒಂದರಿಂದಲೇ ಎಲ್ಲ ಮಕ್ಕಳೂ ಶಾಲೆ ಬಿಡುವುದಿಲ್ಲ. 'ಈ ಹುಡುಗ ನಮಗೆ ಬೇಡ' ಎಂದು ಶಾಲೆಯೇ ಬಿಟ್ಟುಕೊಟ್ಟ ಮಕ್ಕಳೂ ಅವರಲ್ಲಿದ್ದಾರೆ. ಅಂತಹ ಮಗುವಿನ ತಲೆಯೊಳಗೆ ನಿಜವಾಗಿ ಏನು ನಡೆಯುತ್ತಿರುತ್ತದೆ ಎಂಬುದನ್ನು ತಿಳಿದರೆ, ಅದನ್ನು ಹೊರಗೆ ಹಾಕುವ ಮುನ್ನ ನಾವು ಒಂದು ಸಲ ಯೋಚಿಸುತ್ತೇವೆ.

ತುಂಟತನ ಯಾವುದು, ತೊಂದರೆ ಯಾವುದು?

ಮೊದಲಿಗೆ ಒಂದು ಎಚ್ಚರಿಕೆ. ಹಟ ಮಾಡುವ ಮಕ್ಕಳೆಲ್ಲ ರೋಗಿಗಳಲ್ಲ. ಎರಡು ಮೂರು ವರ್ಷದ ಮಗು 'ಇಲ್ಲ', 'ಬೇಡ' ಎನ್ನುವುದು ಬೆಳವಣಿಗೆಯ ಲಕ್ಷಣ. ಹದಿಮೂರು ಹದಿನಾಲ್ಕರಲ್ಲಿ ಎದುರು ಮಾತನಾಡುವುದು ಸಹಜ. ಇಂತಹ ಮಕ್ಕಳಿಗೆ ಕಾಯಿಲೆಯ ಹೆಸರು ಅಂಟಿಸಬಾರದು.

ಹಾಗಾದರೆ ಗೆರೆ ಎಲ್ಲಿದೆ? ವೈದ್ಯರು ಮೂರು ಗುಂಪಿನ ಲಕ್ಷಣಗಳನ್ನು ನೋಡುತ್ತಾರೆ. ಒಂದು, ಪದೇ ಪದೇ ಸಿಟ್ಟು ಮತ್ತು ಕಿರಿಕಿರಿ. ಎರಡು, ದೊಡ್ಡವರೊಂದಿಗೆ ವಾದ, ನಿಯಮ ಮುರಿಯುವುದು, ಬೇಕೆಂದೇ ಇತರರನ್ನು ಕೆಣಕುವುದು, ತನ್ನ ತಪ್ಪಿಗೆ ಬೇರೆಯವರನ್ನು ದೂರುವುದು. ಮೂರು, ಹಗೆ ಸಾಧಿಸುವುದು. ಇಂತಹ ಒಟ್ಟು ಎಂಟು ಲಕ್ಷಣಗಳ ಪೈಕಿ ನಾಲ್ಕಾದರೂ ಇರಬೇಕು. ಅವು ಆರು ತಿಂಗಳಿಗೂ ಹೆಚ್ಚು ಕಾಲ ಇರಬೇಕು. ಒಡಹುಟ್ಟಿದವರ ಜೊತೆಗಿನ ಜಗಳವನ್ನಷ್ಟೇ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಅದರಿಂದ ಮಗುವಿನ ಓದು, ಗೆಳೆತನ, ಮನೆಯ ನೆಮ್ಮದಿ ಕೆಟ್ಟಿರಬೇಕು. ಆಗ ಮಾತ್ರ ಅದನ್ನು 'ವಿರೋಧ ಮತ್ತು ಅವಿಧೇಯತೆಯ ತೊಂದರೆ' ಎನ್ನುತ್ತಾರೆ. ಇದಕ್ಕಿಂತ ಮುಂದೆ ಹೋಗಿ ಹೊಡೆದಾಟ, ಕಳ್ಳತನ, ಪ್ರಾಣಿಗಳಿಗೆ ಹಿಂಸೆ, ಬೆಂಕಿ ಹಚ್ಚುವುದು ಇತ್ಯಾದಿ ಕಂಡುಬಂದರೆ ಅದು 'ನಡತೆಯ ತೊಂದರೆ'. ಇವುಗಳೊಂದಿಗೆ ಅನೇಕ ಸಲ ಅತಿ ಚಟುವಟಿಕೆ ಮತ್ತು ಗಮನದ ಕೊರತೆಯ ತೊಂದರೆಯೂ ಸೇರಿಕೊಂಡಿರುತ್ತದೆ.

ಇದು ಅಮೆರಿಕದ ಕಾಯಿಲೆ, ನಮ್ಮಲ್ಲಿಲ್ಲ ಎಂದು ಕೆಲವರು ಹೇಳುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ ಹಾಗೂ ಸುತ್ತಲ ಹಳ್ಳಿಗಳಲ್ಲಿ 16 ವರ್ಷದವರೆಗಿನ 2064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರಕ್ಕೆ 12.5ರಷ್ಟು ಮಕ್ಕಳಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಹೆಚ್ಚಾಗಿ ಕಂಡ ಐದು ತೊಂದರೆಗಳಲ್ಲಿ ಅತಿ ಚಟುವಟಿಕೆಯೂ ಇತ್ತು, ನಾನೀಗ ಹೇಳಿದ ಅವಿಧೇಯತೆಯ ತೊಂದರೆಯೂ ಇತ್ತು. ನಗರ, ಕೊಳೆಗೇರಿ, ಹಳ್ಳಿ ಎಂಬ ಹೇಳಿಕೊಳ್ಳುವಂತಹ ವ್ಯತ್ಯಾಸ ಕಂಡುಬರಲಿಲ್ಲ. ಆದ್ದರಿಂದ ಇದು ಶ್ರೀಮಂತರ ಮನೆಯ ಮುದ್ದಿನ ಫಲವೂ ಅಲ್ಲ, ಬಡವರ ಮನೆಯ ಸಂಸ್ಕಾರದ ಕೊರತೆಯೂ ಅಲ್ಲ.

ಮಿದುಳಿನ ನೀರುಗಂಟಿ

ನಮ್ಮ ಮಿದುಳಿನಲ್ಲಿ ಕೋಟ್ಯಂತರ ನರಕೋಶಗಳಿವೆ. ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವೆ ಅತಿ ಸೂಕ್ಷ್ಮವಾದ ಸಂದು ಇರುತ್ತದೆ. ಒಂದು ಕೋಶ ತನ್ನ ಸಂದೇಶವನ್ನು ಆ ಸಂದಿನಾಚೆಗೆ ಮುಟ್ಟಿಸಲು ಒಂದು ರಾಸಾಯನಿಕವನ್ನು ಬಿಡುಗಡೆ ಮಾಡುತ್ತದೆ. ಇದಕ್ಕೆ ನರವಾಹಕ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಆ ನರವಾಹಕವನ್ನು ಹಿಂದಕ್ಕೆ ಹೀರಿಕೊಳ್ಳುವ ಅಥವಾ ಒಡೆದುಹಾಕುವ ವ್ಯವಸ್ಥೆಯೂ ಇದೆ. ನಮ್ಮ ಸಿಟ್ಟು, ಸಂತೋಷ, ಭಯ, ತಾಳ್ಮೆ ಎಲ್ಲವೂ ಈ ಮಾರ್ಗದಲ್ಲೇ ಸಾಗುತ್ತವೆ.

ನಾವು ಕನ್ನಂಬಾಡಿ ಕಟ್ಟೆಯ ಕೆಳಗೆ ವಾಸಿಸುವವರು. ನಾಲೆಯ ತೂಬು ಎತ್ತಿ ಇಳಿಸುವ ನೀರುಗಂಟಿಯನ್ನು ನೋಡಿದವರು. ಮಿದುಳಿನ ಆಳದಲ್ಲಿ ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗವಿದೆ. ಅಪಾಯ ಕಂಡೊಡನೆ ಅದು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಅಲ್ಲಿಂದ ಸಿಟ್ಟಿನ, ಭಯದ ಪ್ರವಾಹ ನುಗ್ಗಿ ಬರುತ್ತದೆ. ಹಣೆಯ ಹಿಂದೆ ಇರುವ ಮುಂಭಾಗದ ಮಿದುಳು ನೀರುಗಂಟಿಯಂತೆ. ಎಷ್ಟು ಬಿಡಬೇಕು, ಯಾವಾಗ ತಡೆಯಬೇಕು ಎಂದು ಅದು ನಿರ್ಧರಿಸುತ್ತದೆ. ಅಮಿಗ್ಡಲ ಚಿಕ್ಕ ವಯಸ್ಸಿನಲ್ಲೇ ಚುರುಕಾಗಿ ಕೆಲಸ ಮಾಡುತ್ತದೆ. ಮುಂಭಾಗದ ಮಿದುಳು ಮಾತ್ರ ಪೂರ್ತಿ ಬಲಿಯುವುದು ಇಪ್ಪತ್ತು ವರ್ಷ ದಾಟಿದ ಮೇಲೆ. ಅಂದರೆ ಹತ್ತು ವರ್ಷದ ಹುಡುಗನಲ್ಲಿ ಪ್ರವಾಹ ದೊಡ್ಡವರದು, ನೀರುಗಂಟಿ ಇನ್ನೂ ಬಾಲಕ. 'ಇಷ್ಟು ದೊಡ್ಡವನಾಗಿದ್ದೀಯ, ಬುದ್ಧಿ ಇಲ್ಲವೆ?' ಎಂದು ನಾವು ಕೇಳುತ್ತೇವಲ್ಲ, ಅವನ ನೀರುಗಂಟಿ ಇನ್ನೂ ಕೆಲಸ ಕಲಿಯುತ್ತಿದ್ದಾನೆ ಎಂಬುದೇ ಅದಕ್ಕೆ ಉತ್ತರ.

ಸರ್ಪಗಂಧಿಯಿಂದ ಡೋಪಮಿನ್‌ವರೆಗೆ

ಮಿದುಳಿನ ರಸಾಯನದ ಈ ವಿದ್ಯೆಯಲ್ಲಿ ನಮ್ಮ ದೇಶದ ಒಂದು ಬೇರಿಗೂ ಪಾಲಿದೆ. ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು. ಸರ್ಪಗಂಧಿ ಎಂಬ ಗಿಡದ ಬೇರನ್ನು ಉತ್ತರ ಭಾರತದಲ್ಲಿ ಜನ 'ಪಾಗಲ್ ಕಿ ದವಾ' ಎಂದು ಕರೆದು, ಉದ್ರಿಕ್ತರಾದವರನ್ನು ಶಾಂತಗೊಳಿಸಲು ಕೊಡುತ್ತಿದ್ದರು. 1931ರಲ್ಲಿ ಇಬ್ಬರು ಭಾರತೀಯ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇದರ ಗುಣವನ್ನು ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿದರು. ಅದೇ ಕಾಲದಲ್ಲಿ ದೆಹಲಿಯ ಆಯುರ್ವೇದಿಕ್ ಮತ್ತು ಯುನಾನಿ ತಿಬ್ಬಿ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದೀಖಿ ಎಂಬ ರಸಾಯನ ಶಾಸ್ತ್ರಜ್ಞರು ಈ ಬೇರಿನಿಂದ ಒಂದು ವಸ್ತುವನ್ನು ಬೇರ್ಪಡಿಸಿ, ಹಕೀಮ್ ಅಜ್ಮಲ್ ಖಾನರ ಗೌರವಾರ್ಥ ಅದಕ್ಕೆ 'ಅಜ್ಮಲೀನ್' ಎಂದು ಹೆಸರಿಟ್ಟರು. ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಸ್ಥಾಪಕರಲ್ಲೊಬ್ಬರು ಈ ಹಕೀಮರು.

1952ರಲ್ಲಿ ಅದೇ ಬೇರಿನಿಂದ ರೆಸರ್ಪಿನ್ ಎಂಬ ವಸ್ತು ದೊರೆಯಿತು. ಅದನ್ನು ಪ್ರಾಣಿಗಳಿಗೆ ಕೊಟ್ಟಾಗ ಮಿದುಳಿನಲ್ಲಿ ಕೂಡಿಟ್ಟಿದ್ದ ಕೆಲವು ನರವಾಹಕಗಳು ಬರಿದಾಗುತ್ತವೆ ಎಂದು ಗೊತ್ತಾಯಿತು. ಸ್ವೀಡನ್ ದೇಶದ ಆರ್ವಿಡ್ ಕಾರ್ಲ್ಸನ್ ರೆಸರ್ಪಿನ್ ಕೊಟ್ಟು ಅಲುಗಾಡದಂತಾಗಿದ್ದ ಮೊಲಗಳಿಗೆ ಡೋಪಮಿನ್ ತಯಾರಾಗಲು ಬೇಕಾದ ಎಲ್-ಡೋಪಾ ವಸ್ತುವನ್ನು ಕೊಟ್ಟರು. ಮೊಲಗಳು ಎದ್ದು ಓಡಾಡಿದವು. ಇದು ನಡೆದದ್ದು 1957ರಲ್ಲಿ. ಮುಂದೆ 2000ನೇ ಇಸವಿಯಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ನಡೆ, ಮನಸ್ಸು, ವರ್ತನೆ ಇವುಗಳ ಹಿಂದೆ ಅಳೆಯಬಹುದಾದ ರಾಸಾಯನಿಕಗಳಿವೆ ಎಂಬ ಅರಿವು ಹೀಗೆ ಬೆಳೆಯಿತು.

ನಾಲ್ಕು ಮುಖ್ಯ ರಾಸಾಯನಿಕಗಳು

ಮಕ್ಕಳ ಹಟ ಮತ್ತು ಆಕ್ರಮಣಶೀಲತೆಯ ವಿಚಾರದಲ್ಲಿ ನಾಲ್ಕನ್ನು ನೆನಪಿಟ್ಟರೆ ಸಾಕು.

ಮೊದಲನೆಯದು ಸೆರೊಟೋನಿನ್. ಇದು ನೀರುಗಂಟಿಯ ಕೈಗೆ ಬಲ ಕೊಡುವ ರಾಸಾಯನಿಕ. ಇದರ ಕೆಲಸ ಕುಂಠಿತವಾದಾಗ, ಯೋಚಿಸದೆ ತಟ್ಟನೆ ಕೈ ಮಾಡುವ ಸ್ವಭಾವ ಹೆಚ್ಚುವುದನ್ನು ವಯಸ್ಕರ ಮೇಲಿನ ಅನೇಕ ಅಧ್ಯಯನಗಳು ತೋರಿಸಿವೆ. ಮಕ್ಕಳಲ್ಲಿ ಫಲಿತಾಂಶಗಳು ಅಷ್ಟು ಏಕರೂಪವಾಗಿಲ್ಲ. ಆದ್ದರಿಂದ 'ನಿಮ್ಮ ಮಗನಿಗೆ ಸೆರೊಟೋನಿನ್ ಕಡಿಮೆ' ಎಂದು ಯಾರಾದರೂ ರಕ್ತ ಪರೀಕ್ಷೆ ಮಾಡಿಸಲು ಹೇಳಿದರೆ ನಂಬಬೇಡಿ. ದೇಹದ ಸೆರೊಟೋನಿನ್‌ನ ಬಹುಪಾಲು ಕರುಳಿನಲ್ಲಿರುತ್ತದೆ. ರಕ್ತ ನೋಡಿ ಮಿದುಳಿನ ಲೆಕ್ಕ ಹೇಳಲು ಬರುವುದಿಲ್ಲ.

ಎರಡನೆಯದು ಡೋಪಮಿನ್. ಯಾವುದರಿಂದ ಲಾಭವಾಯಿತು, ಯಾವುದನ್ನು ಮತ್ತೆ ಮಾಡಬೇಕು ಎಂದು ಕಲಿಸುವ ರಾಸಾಯನಿಕ ಇದು. ಗಮನವನ್ನು ಒಂದೆಡೆ ನಿಲ್ಲಿಸುವುದಕ್ಕೂ ಬೇಕು. ಅತಿ ಚಟುವಟಿಕೆಯ ಮಕ್ಕಳಲ್ಲಿ ಇದರ ವ್ಯವಸ್ಥೆ ಭಿನ್ನವಾಗಿ ಕೆಲಸ ಮಾಡುತ್ತದೆ. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯರು ವರ್ತನೆಯ ತೊಂದರೆಯಿದ್ದ 30 ಮಕ್ಕಳಿಗೆ ಒಂದು ಉತ್ತೇಜಕ ಔಷಧ ಕೊಟ್ಟರು. ಉತ್ತೇಜಕ ಕೊಟ್ಟರೆ ಗಲಾಟೆ ಹೆಚ್ಚಬೇಕಲ್ಲವೆ? ಅರ್ಧದಷ್ಟು ಮಕ್ಕಳು ಶಾಂತವಾಗಿ ಕುಳಿತು ಪಾಠ ಕಲಿಯತೊಡಗಿದರು. ಔಷಧವು ನೀರುಗಂಟಿಯನ್ನು ಎಚ್ಚರಿಸಿತ್ತು.

ಮೂರನೆಯದು ನಾರ್‌ಅಡ್ರಿನಲಿನ್. ಎದೆ ಬಡಿತ ಹೆಚ್ಚಿಸಿ, ಮುಷ್ಟಿ ಬಿಗಿಸಿ, 'ಹೋರಾಡು ಇಲ್ಲವೆ ಓಡು' ಎಂದು ದೇಹವನ್ನು ಸಜ್ಜುಗೊಳಿಸುವುದು ಇದರ ಕೆಲಸ.

ನಾಲ್ಕನೆಯದು ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್. ಮನೆಯಲ್ಲಿ ದಿನವೂ ಜಗಳ, ಹೊಡೆತ, ಕುಡಿತ ಇದ್ದರೆ ಮಗುವಿನ ಈ ವ್ಯವಸ್ಥೆ ಯಾವಾಗಲೂ ಎಚ್ಚರದಲ್ಲಿರುತ್ತದೆ. ಅಂತಹ ಮಗುವಿಗೆ ಮೇಷ್ಟರ ಸಾಧಾರಣ ನೋಟವೂ ಬೆದರಿಕೆಯಂತೆ ಕಾಣುತ್ತದೆ. ಇನ್ನು ಕೆಲವು ಮಕ್ಕಳಲ್ಲಿ ತದ್ವಿರುದ್ಧ ಸ್ಥಿತಿ. ಚಿಕ್ಕಂದಿನಿಂದಲೇ ಆಕ್ರಮಣಕಾರಿಯಾಗಿರುವ ಕೆಲವು ಹುಡುಗರಲ್ಲಿ ಕಾರ್ಟಿಸಾಲ್ ಕಡಿಮೆ ಇರುವುದನ್ನು, ಎದೆ ಬಡಿತ ನಿಧಾನವಾಗಿರುವುದನ್ನು ಸಂಶೋಧಕರು ಕಂಡಿದ್ದಾರೆ. ಇವರಿಗೆ ಶಿಕ್ಷೆಯ ಭಯ ಸುಲಭವಾಗಿ ತಟ್ಟುವುದಿಲ್ಲ. ಒಂದು ಬಿಸಿ ಸಿಟ್ಟು, ಇನ್ನೊಂದು ತಣ್ಣನೆಯ ಸಿಟ್ಟು. ಹೊರಗಿನಿಂದ ಎರಡೂ ಒಂದೇ ರೀತಿ ಕಂಡರೂ ಒಳಗಿನ ರಸಾಯನ ಬೇರೆ. ಎಲ್ಲರಿಗೂ ಒಂದೇ ಬೆತ್ತ ಎಂಬ ಪದ್ಧತಿ ಏಕೆ ಸೋಲುತ್ತದೆ ಎಂಬುದಕ್ಕೆ ಇಲ್ಲಿ ಕಾರಣವಿದೆ.

ಹುಟ್ಟು ಗುಣವೆ, ಬೆಳೆಸಿದ ರೀತಿಯೆ?

'ಅಪ್ಪನೂ ಹೀಗೇ ಇದ್ದ, ರಕ್ತದಲ್ಲೇ ಬಂದಿದೆ' ಎಂದು ನಮ್ಮಲ್ಲಿ ಹೇಳುವುದುಂಟು. ಈ ಮಾತನ್ನು ಪರೀಕ್ಷಿಸಿದ ಒಂದು ಪ್ರಸಿದ್ಧ ಅಧ್ಯಯನ ನ್ಯೂಜಿಲೆಂಡಿನ ಡುನೆಡಿನ್ ನಗರದ್ದು. ಅಲ್ಲಿ 1972-73ರಲ್ಲಿ ಹುಟ್ಟಿದ 1037 ಮಕ್ಕಳನ್ನು ಮೂರನೆಯ ವಯಸ್ಸಿನಿಂದ ದಶಕಗಳ ಕಾಲ ಗಮನಿಸುತ್ತ ಬಂದಿದ್ದಾರೆ. ನರವಾಹಕಗಳನ್ನು ಒಡೆದುಹಾಕುವ ಒಂದು ಕಿಣ್ವವಿದೆ. ಅದರ ಹೆಸರು ಮಾನೊಅಮೈನ್ ಆಕ್ಸಿಡೇಸ್-ಎ. ಕೆಲವರಲ್ಲಿ ಇದರ ಜೀನ್ ಚುರುಕು, ಕೆಲವರಲ್ಲಿ ಮಂದ. 2002ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಮಂದ ಜೀನ್ ಇದ್ದು, ಬಾಲ್ಯದಲ್ಲಿ ಕ್ರೂರವಾಗಿ ನಡೆಸಿಕೊಳ್ಳಲ್ಪಟ್ಟ ಹುಡುಗರು ದೊಡ್ಡವರಾದ ಮೇಲೆ ಹಿಂಸೆಯ ದಾರಿ ಹಿಡಿದದ್ದು ಹೆಚ್ಚು. ಅದೇ ಮಂದ ಜೀನ್ ಇದ್ದರೂ ಪ್ರೀತಿಯ ಮನೆಯಲ್ಲಿ ಬೆಳೆದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ನಂತರ ಬೇರೆ ಕಡೆ ನಡೆದ ಅಧ್ಯಯನಗಳ ಫಲಿತಾಂಶ ಎಲ್ಲೆಡೆ ಒಂದೇ ಆಗಿ ಬರಲಿಲ್ಲವಾದರೂ, ಒಟ್ಟಾರೆ ಲೆಕ್ಕದಲ್ಲಿ ಈ ಸಂಬಂಧ ಉಳಿದುಕೊಂಡಿದೆ.

ಇದರಿಂದ ನಮಗೇನು ಪಾಠ? ರಕ್ತದಲ್ಲಿ ಬಂದದ್ದು ಬೀಜ ಮಾತ್ರ. ಅದು ಮೊಳೆಯುವುದು ಮನೆಯ ಮಣ್ಣಿನಲ್ಲಿ. ಬೀಜ ನಮ್ಮ ಕೈಯಲ್ಲಿಲ್ಲ, ಮಣ್ಣು ನಮ್ಮ ಕೈಯಲ್ಲಿದೆ.

ಮನೆಯಲ್ಲಿ ನಾವೇ ಕಲಿಸುವ ಪಾಠ

ಈಗ ತಾಯಂದಿರು ದಯವಿಟ್ಟು ಗಮನವಿಟ್ಟು ಕೇಳಬೇಕು. ಡೋಪಮಿನ್ ಕಲಿಕೆಯ ರಾಸಾಯನಿಕ ಎಂದೆ. ವೋಲ್ಫ್ರಾಮ್ ಶುಲ್ಟ್ಜ್ ಎಂಬ ವಿಜ್ಞಾನಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ನಿರೀಕ್ಷಿಸದೆ ಹಣ್ಣಿನ ರಸ ಸಿಕ್ಕಾಗ ಡೋಪಮಿನ್ ಕೋಶಗಳು ಚುರುಕಾಗುವುದನ್ನು ಕಂಡರು. ನಿರೀಕ್ಷೆಗಿಂತ ಹೆಚ್ಚು ಸಿಕ್ಕಾಗ 'ಇದನ್ನು ನೆನಪಿಟ್ಟುಕೋ' ಎಂದು ಮಿದುಳು ಗುರುತು ಹಾಕಿಕೊಳ್ಳುತ್ತದೆ.

ಇದನ್ನು ನಮ್ಮ ಮನೆಗೆ ತಂದು ನೋಡಿ. ಮಗು ಮೊಬೈಲ್ ಕೇಳುತ್ತದೆ. ತಾಯಿ ಇಲ್ಲ ಎನ್ನುತ್ತಾಳೆ. ಮಗು ಅಳುತ್ತದೆ, ತಾಯಿ ಗದರುತ್ತಾಳೆ. ಮಗು ಕಿರುಚಿ ತಟ್ಟೆ ಎಸೆಯುತ್ತದೆ. ಅಕ್ಕಪಕ್ಕದವರು ಏನೆಂದಾರು ಎಂದು ತಾಯಿ ಮೊಬೈಲ್ ಕೊಟ್ಟುಬಿಡುತ್ತಾಳೆ. ಗಲಾಟೆ ನಿಂತಿತು. ಆದರೆ ಇಲ್ಲಿ ಇಬ್ಬರೂ ಒಂದೊಂದು ಪಾಠ ಕಲಿತರು. ಕೇಳಿದರೆ ಸಿಗುವುದಿಲ್ಲ, ಅತ್ತರೂ ಸಿಗುವುದಿಲ್ಲ, ತಟ್ಟೆ ಎಸೆದರೆ ಸಿಗುತ್ತದೆ ಎಂದು ಮಗು ಕಲಿಯಿತು. ಕೊಟ್ಟುಬಿಟ್ಟರೆ ನೆಮ್ಮದಿ ಎಂದು ತಾಯಿ ಕಲಿತಳು. ಮರುದಿನ ಮಗು ನೇರವಾಗಿ ತಟ್ಟೆಯಿಂದಲೇ ಆರಂಭಿಸುತ್ತದೆ. ಹತ್ತು ಸಲದಲ್ಲಿ ಎರಡು ಸಲ ಮಾತ್ರ ನಾವು ಸೋತರೂ ಸಾಕು. ಯಾವಾಗ ಸಿಗುತ್ತದೋ ತಿಳಿಯದ ಬಹುಮಾನಕ್ಕಾಗಿ ನಡೆಸುವ ಹಟವೇ ಬಿಡಿಸಲು ಅತ್ಯಂತ ಕಷ್ಟವಾದದ್ದು. ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ನೂರಾರು ಮನೆಗಳ ಇಂತಹ ಜಗಳಗಳನ್ನು ನಿಮಿಷ ನಿಮಿಷವಾಗಿ ದಾಖಲಿಸಿ 1982ರಲ್ಲಿ ಈ ವಿಷವರ್ತುಲವನ್ನು ವಿವರಿಸಿದರು. ಅದನ್ನು ಮುರಿಯುವ ದಾರಿಯನ್ನೂ ತೋರಿಸಿದರು.

ದಾರಿ ಸರಳ, ಆದರೆ ಸುಲಭವಲ್ಲ. ಕೊಡಬಹುದಾದದ್ದನ್ನು ಮೊದಲ ಸಲ ನಯವಾಗಿ ಕೇಳಿದಾಗಲೇ ಕೊಡಿ. ಕೊಡಬಾರದ್ದನ್ನು ಭೂಮಿ ಬಾನು ಒಂದಾದರೂ ಕೊಡಬೇಡಿ. ಅಜ್ಜಿ ಕೊಡುವುದು, ಅಪ್ಪ ಬೈಯುವುದು ಎಂಬಂತಾಗದೆ ಮನೆಯವರೆಲ್ಲ ಒಂದೇ ಮಾತಿಗೆ ಬನ್ನಿ. ಒಂದು ಸಲಕ್ಕೆ ಒಂದೇ ಆಜ್ಞೆ, ಚಿಕ್ಕದಾಗಿ, ಹತ್ತಿರ ಹೋಗಿ, ಮುಖ ನೋಡಿ ಹೇಳಿ. ಮಾತು ಕೇಳಿದ ಒಡನೆ ಹೊಗಳಿ. ತಪ್ಪು ಮಾಡಿದಾಗ ಮಾತ್ರ ನಮ್ಮ ಗಮನ ಸಿಗುವ ಮಗು, ಗಮನಕ್ಕಾಗಿಯೇ ತಪ್ಪು ಮಾಡುತ್ತದೆ. ದಿನಕ್ಕೆ ಹದಿನೈದು ನಿಮಿಷವಾದರೂ ಉಪದೇಶ ಮಾಡದೆ ಅದರ ಜೊತೆ ಆಟವಾಡಿ.

ಹಿಮೋಗ್ಲೋಬಿನ್, ಸುರ್ಮಾ ಮತ್ತು ನಿದ್ದೆ

ಸೆರೊಟೋನಿನ್, ಡೋಪಮಿನ್ ಎರಡನ್ನೂ ತಯಾರಿಸುವ ಕಿಣ್ವಗಳಿಗೆ ಕಬ್ಬಿಣದ ಅಂಶ ಬೇಕೇ ಬೇಕು. ಕಬ್ಬಿಣ ಕಡಿಮೆಯಾದ ಮಗು ಬಿಳಿಚಿಕೊಳ್ಳುವುದಷ್ಟೇ ಅಲ್ಲ, ಕಿರಿಕಿರಿ ಮಾಡುತ್ತದೆ, ಗಮನ ಕಳೆದುಕೊಳ್ಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಮಕ್ಕಳಿಗೆ ಚಹಾ ಮತ್ತು ಬನ್ ಕೊಟ್ಟು ಕಳುಹಿಸುವ ರೂಢಿಯಿದೆ. ಊಟ ತಿಂಡಿಯ ಜೊತೆ ಕುಡಿದ ಚಹಾ ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ. ರಾಗಿ, ಸೊಪ್ಪು, ಕಾಳು, ಮೊಟ್ಟೆ, ಮಾಂಸ ಕೊಡಿ, ಮೇಲೆ ನಿಂಬೆ ಹಿಂಡಿ ಕೊಡಿ. ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ಇನ್ನೊಂದು ಶತ್ರು ಸೀಸ. ದೇಹ ಇದನ್ನು ಸುಣ್ಣದ ಅಂಶವೆಂದು ತಪ್ಪಾಗಿ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ನರಕೋಶದೊಳಗೆ ಹೋಗಿ ಇದು ನರವಾಹಕಗಳ ಬಿಡುಗಡೆಯನ್ನೇ ಕೆಡಿಸುತ್ತದೆ. ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಮಕ್ಕಳ ಬಿದ್ದ ಹಾಲುಹಲ್ಲುಗಳಲ್ಲಿ ಸೀಸವನ್ನು ಅಳೆದು, ಅದು ಹೆಚ್ಚಿದ್ದ ಮಕ್ಕಳು ತರಗತಿಯಲ್ಲಿ ಚಂಚಲರಾಗಿರುವುದನ್ನು 1979ರಲ್ಲಿ ತೋರಿಸಿದರು. 1996ರಲ್ಲಿ ಮೂಳೆಯ ಸೀಸಕ್ಕೂ ಹುಡುಗರ ಆಕ್ರಮಣಶೀಲತೆಗೂ ಇರುವ ಸಂಬಂಧವನ್ನು ತೋರಿಸಿದರು. ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ದೊಡ್ಡ ನಗರಗಳಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿಸಿದ 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಅಂದಿನ ಮಿತಿಗಿಂತ ಹೆಚ್ಚು ಸೀಸವಿತ್ತು. 2000ನೇ ಇಸವಿಯಲ್ಲಿ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ 2017ರ ನವೆಂಬರ್‌ನಿಂದ ಕಟ್ಟುನಿಟ್ಟಿನ ಮಿತಿ ಬಂತು. ಆದರೂ ಹಳೆಯ ಬಣ್ಣದ ಚಕ್ಕೆ, ಬ್ಯಾಟರಿ ಒಡೆಯುವ ಕೆಲಸ ಮುಂತಾದ ಮೂಲಗಳು ಉಳಿದಿವೆ.

ನಮ್ಮ ಸಮುದಾಯಕ್ಕೆ ವಿಶೇಷವಾಗಿ ಹೇಳಬೇಕಾದದ್ದು ಸುರ್ಮಾ ಬಗ್ಗೆ. ಹದೀಸಿನಲ್ಲಿ ಬರುವುದು 'ಇಸ್ಮಿದ್' ಎಂಬ ಅಂಜನದ ಪ್ರಸ್ತಾಪ. ಇಂದು ಪೇಟೆಯಲ್ಲಿ ಸಿಗುವ ಅನೇಕ ಸುರ್ಮಾಗಳಲ್ಲಿ ಇರುವುದು ಸೀಸದ ಅದಿರಿನ ಪುಡಿ. ಮಗು ಕಣ್ಣುಜ್ಜಿ ಬೆರಳು ಬಾಯಿಗಿಟ್ಟರೆ ಅದು ಹೊಟ್ಟೆ ಸೇರುತ್ತದೆ. ರಕ್ತಹೀನತೆ ಇರುವ ಮಗುವಿನ ಕರುಳು ಸೀಸವನ್ನು ಇನ್ನೂ ಹೆಚ್ಚು ಹೀರುತ್ತದೆ. ಹಸುಗೂಸುಗಳಿಗೆ ಸುರ್ಮಾ, ಕಾಡಿಗೆ ಹಚ್ಚದಿರುವುದೇ ಕ್ಷೇಮ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ವರ್ಷಗಟ್ಟಲೆ ಜಾಗೃತಿ ಮೂಡಿಸಿದ್ದನ್ನು ಇಲ್ಲಿ ಸ್ಮರಿಸಬೇಕು.

ಮೂರನೆಯದು ನಿದ್ದೆ. ನಿದ್ದೆಗೆಟ್ಟ ಮಿದುಳಿನಲ್ಲಿ ಅಮಿಗ್ಡಲ ಕೆರಳಿರುತ್ತದೆ, ಅದರ ಮೇಲೆ ಮುಂಭಾಗದ ಹಿಡಿತ ಸಡಿಲಾಗಿರುತ್ತದೆ. ರಾತ್ರಿ ಹನ್ನೆರಡರವರೆಗೆ ಮೊಬೈಲ್ ನೋಡಿದ ಹುಡುಗ ಬೆಳಿಗ್ಗೆ ಸಿಡುಕಿದರೆ ಅದು ಹಟವಲ್ಲ, ನಿದ್ದೆಯ ಸಾಲ.

ಹಾಗೆಯೇ ಕಿವಿ ಮತ್ತು ಕಣ್ಣು. ಸರಿಯಾಗಿ ಕೇಳಿಸದ ಮಗುವನ್ನು 'ಕರೆದರೆ ಉತ್ತರ ಕೊಡದ ಮೊಂಡ' ಎಂದು ಹೊಡೆದಿರುವ ಉದಾಹರಣೆಗಳು ಕಡಿಮೆಯೇನಲ್ಲ. ಗಂಜಾಂನಿಂದ ಮೈಸೂರು ದೂರವೇನಲ್ಲ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅಲ್ಲಿದೆ. ಉಪಯೋಗಿಸಿಕೊಳ್ಳಿ.

ಬೆತ್ತದ ಪ್ರಶ್ನೆ

ಹೊಡೆಯದೆ ಮಕ್ಕಳು ಕಲಿಯುತ್ತಾರೆಯೆ ಎಂದು ಹಿರಿಯರು ಕೇಳುತ್ತಾರೆ. ರಸಾಯನದ ದೃಷ್ಟಿಯಿಂದ ನೋಡೋಣ. ಹೊಡೆತ ಬಿದ್ದಾಗ ನಾರ್‌ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಏರುತ್ತವೆ, ನೀರುಗಂಟಿ ಕೆಲಸ ನಿಲ್ಲಿಸುತ್ತಾನೆ. ಆ ಕ್ಷಣದಲ್ಲಿ ಮಗು ಭಯವನ್ನು ಮಾತ್ರ ಕಲಿಯುತ್ತದೆ, ನೀತಿಯನ್ನಲ್ಲ. ಬಲವಿದ್ದವನು ಹೊಡೆಯಬಹುದು ಎಂಬುದನ್ನೂ ಕಲಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2012ರ ತಿದ್ದುಪಡಿಯಿಂದ ಮದ್ರಸಾಗಳು ಮತ್ತು ವೇದ ಪಾಠಶಾಲೆಗಳು ಆ ಕಾಯ್ದೆಯ ಹೊರಗಿವೆ. ಹಾಗೆಂದು ಅಲ್ಲಿ ಬೆತ್ತಕ್ಕೆ ಅನುಮತಿ ಸಿಕ್ಕಿತೆಂದು ಭಾವಿಸಬೇಕೆ?

ಕಾಯ್ದೆಗಿಂತ ಮೊದಲು ನಮಗೆ ಮಾದರಿಯೊಂದಿದೆ. ಬಾಲಕನಾಗಿದ್ದಾಗಿನಿಂದ ಹತ್ತು ವರ್ಷ ಪ್ರವಾದಿವರ್ಯರ (ಸ) ಸೇವೆಯಲ್ಲಿದ್ದ ಅನಸ್ (ರ), ಆ ಅವಧಿಯಲ್ಲಿ ತಮ್ಮನ್ನು ಒಮ್ಮೆಯೂ ಛೀ ಎಂದು ಗದರಲಿಲ್ಲವೆಂದು ಸ್ಮರಿಸಿದ್ದಾರೆ. ಹದಿನಾಲ್ಕನೆಯ ಶತಮಾನದ ಮಹಾ ವಿದ್ವಾಂಸ ಇಬ್ನ್ ಖಲ್ದೂನ್ ತಮ್ಮ ಮುಖದ್ದಿಮಾ ಗ್ರಂಥದಲ್ಲಿ, ವಿದ್ಯಾರ್ಥಿಗಳ ಮೇಲಿನ ಕಠೋರತೆ ಅವರನ್ನು ಸುಳ್ಳು, ಕಪಟ, ಆಲಸ್ಯಗಳ ಕಡೆಗೆ ತಳ್ಳುತ್ತದೆ ಎಂದು ವಾದಿಸಿದ್ದಾರೆ. ಮಿದುಳಿನ ರಸಾಯನ ಗೊತ್ತಿಲ್ಲದ ಕಾಲದಲ್ಲಿ, ಮಕ್ಕಳನ್ನು ನೋಡಿಯೇ ಅವರು ಇದನ್ನು ಅರಿತಿದ್ದರು.

ಸಿಟ್ಟು ಬಂದಾಗ ನಿಂತಿದ್ದರೆ ಕುಳಿತುಕೊಳ್ಳುವುದು, ಕುಳಿತಿದ್ದರೆ ಒರಗಿಕೊಳ್ಳುವುದು, ವುಝೂ ಮಾಡುವುದು ನಮಗೆ ಕಲಿಸಿದ ಅದಬ್. ಧರ್ಮಕ್ಕೂ ವಿಜ್ಞಾನಕ್ಕೂ ಬಲವಂತದ ಗಂಟು ಹಾಕುವ ಉದ್ದೇಶ ನನಗಿಲ್ಲ. ಆದರೆ ಕೆರಳಿದ ದೇಹ ತಣಿಯಲು ಹತ್ತಿಪ್ಪತ್ತು ನಿಮಿಷ ಬೇಕಾಗುತ್ತದೆ ಎಂಬುದು ನಿಜ. ಆ ಸಮಯವನ್ನು ಮಗುವಿಗೂ ಕೊಡಿ, ನೀವೂ ತೆಗೆದುಕೊಳ್ಳಿ. ನ್ಯಾಯ ತೀರ್ಮಾನ ಆಮೇಲೆ ಇರಲಿ.

ಚಿಕಿತ್ಸೆ ಎಲ್ಲಿ, ಹೇಗೆ?

ನಮ್ಮಲ್ಲಿ ಇಂತಹ ಮಕ್ಕಳನ್ನು ಮೊದಲು ಆಮಿಲರ ಬಳಿಗೆ, ತಾವೀಜಿಗಾಗಿ ಕರೆದೊಯ್ಯುತ್ತಾರೆ. ದುಆ ಮಾಡಿ, ಅದು ತಂದೆ ತಾಯಿಯ ಹಕ್ಕು. ಆದರೆ ದುಆ ಮಾಡಿದವರು ದವಾ ಬಿಡಬೇಕೆಂದು ಯಾರೂ ಹೇಳಿಲ್ಲ. ಜಿನ್ ಹಿಡಿದಿದೆ ಎಂದು ಮಗುವನ್ನು ಹೊಡೆಯುವುದು, ಹೊಗೆ ಹಾಕುವುದು ಹಿಂಸೆ.

ಅವಿಧೇಯತೆಯ ತೊಂದರೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಪೋಷಕರ ತರಬೇತಿ. ಜೊತೆಗೆ ಅತಿ ಚಟುವಟಿಕೆ ಇದ್ದರೆ ವೈದ್ಯರು ಔಷಧ ಕೊಡಬಹುದು. ಅದರಿಂದ ಅನೇಕ ಮಕ್ಕಳ ಸಿಟ್ಟೂ ತಗ್ಗುತ್ತದೆ. ತೀವ್ರ ಆಕ್ರಮಣಶೀಲತೆಗೆ ಬೇರೆ ಔಷಧಗಳಿವೆ. ಅವುಗಳಿಗೆ ಅಡ್ಡ ಪರಿಣಾಮಗಳೂ ಇರುವುದರಿಂದ ತಜ್ಞರ ಕಣ್ಗಾವಲಿನಲ್ಲೇ ಕೊಡಬೇಕು. ಔಷಧದಂಗಡಿಯಲ್ಲಿ ಕೇಳಿ ನಿದ್ದೆ ಮಾತ್ರೆ ತಂದು ಮಕ್ಕಳಿಗೆ ಕೊಡುವ ಕೆಲಸ ಎಂದಿಗೂ ಬೇಡ. ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ನಮ್ಮ ಕೈಗೆಟುಕುವ ಸರ್ಕಾರಿ ಸಂಸ್ಥೆಗಳು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪ್ರಯತ್ನಪಟ್ಟರೆ ಫಲವಿದೆಯೆ? ಭಾರತ ಮೂಲದ ಜನರೇ ಹೆಚ್ಚಾಗಿರುವ ಮಾರಿಷಸ್ ದ್ವೀಪದಲ್ಲಿ 3ರಿಂದ 5 ವರ್ಷದ ಮಕ್ಕಳಿಗೆ ಎರಡು ವರ್ಷ ಕಾಲ ಒಳ್ಳೆಯ ಆಹಾರ, ವ್ಯಾಯಾಮ, ಕಲಿಕೆಯನ್ನು ಒದಗಿಸಿದರು. ಆ ಮಕ್ಕಳು 17 ವರ್ಷದವರಾದಾಗ ನಡತೆಯ ತೊಂದರೆ ಇತರರಿಗಿಂತ ಕಡಿಮೆಯಿತ್ತು. ಮೂರನೆಯ ವಯಸ್ಸಿನಲ್ಲಿ ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಮಕ್ಕಳಿಗೆ ಇದರ ಪ್ರಯೋಜನ ಇನ್ನೂ ಹೆಚ್ಚಾಗಿ ಆಗಿತ್ತು. 2003ರಲ್ಲಿ ಪ್ರಕಟವಾದ ಈ ಫಲಿತಾಂಶ ನಮ್ಮಂತಹ ಊರುಗಳಿಗೆ ದೊಡ್ಡ ಭರವಸೆ.

ಸಂಘಕ್ಕೆ ನಾಲ್ಕು ವಿನಂತಿಗಳು

ಒಂದು, ನಮ್ಮ ಪ್ರಭಾವವಿರುವ ಯಾವ ಶಾಲೆಯಲ್ಲೂ, ವೈದ್ಯರ ಮತ್ತು ಪೋಷಕರ ಜೊತೆ ಮಾತನಾಡದೆ ನಡತೆಯ ಕಾರಣಕ್ಕೆ ಒಂದು ಮಗುವನ್ನೂ ಹೊರಗೆ ಕಳುಹಿಸದಂತೆ ನೋಡಿಕೊಳ್ಳಿ. ಎರಡು, ವರ್ಷಕ್ಕೊಮ್ಮೆ ಕಣ್ಣು, ಕಿವಿ, ಹಿಮೋಗ್ಲೋಬಿನ್ ತಪಾಸಣೆಯ ಶಿಬಿರ ನಡೆಸಿ. ಅದರಲ್ಲಿ ಹಿಂದಿನ ಬೆಂಚಿನವರ ಹೆಸರು ಮೊದಲು ಬರಲಿ. ಮೂರು, ಶಾಲೆಗೊಬ್ಬ ಅಧ್ಯಾಪಕರಿಗೆ, ಮದ್ರಸಾದ ಒಬ್ಬ ಉಸ್ತಾದರಿಗೆ ಮಕ್ಕಳ ವರ್ತನೆಯ ಬಗ್ಗೆ ತರಬೇತಿ ಕೊಡಿಸಿ. ನಾಲ್ಕು, ಹೆಚ್ಚು ಅಂಕ ಪಡೆದವರ ಬಹುಮಾನಗಳ ಜೊತೆಗೆ, ವರ್ಷದಲ್ಲಿ ಹೆಚ್ಚು ಸುಧಾರಿಸಿದ ಮಗುವಿಗೂ ಒಂದು ಬಹುಮಾನ ಇಡಿ.

ವಿದ್ಯಾರ್ಥಿಗಳೆ, ನಿಮಗೂ ಒಂದು ಮಾತು. ನಿಮ್ಮ ಸಿಟ್ಟಿನ ಹಿಂದೆ ರಸಾಯನವಿದೆ ಎಂದು ತಿಳಿದದ್ದು ತಪ್ಪಿಸಿಕೊಳ್ಳುವ ನೆಪವಾಗಬಾರದು. ನೀರುಗಂಟಿ ಅಭ್ಯಾಸದಿಂದ ಬಲಿಯುತ್ತಾನೆ. ಪ್ರತಿ ಸಲ ನೀವು ಎತ್ತಿದ ಕೈ ಇಳಿಸಿದಾಗ ಅವನು ಒಂದಿಷ್ಟು ಕೆಲಸ ಕಲಿಯುತ್ತಾನೆ. ಕುಸ್ತಿಯಲ್ಲಿ ಗೆದ್ದವನಿಗಿಂತ ಕೋಪವನ್ನು ಗೆದ್ದವನೇ ಬಲಶಾಲಿ ಎಂಬ ಪ್ರವಾದಿವರ್ಯರ (ಸ) ಬೋಧನೆ ನಿಮಗೆ ಗೊತ್ತೇ ಇದೆ. ನಿಮ್ಮ ತರಗತಿಯಲ್ಲಿ ಅಂತಹ ಸಹಪಾಠಿ ಇದ್ದರೆ ಅವನನ್ನು ಕೆಣಕಿ ನಗಬೇಡಿ, ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮಕ್ಕಳು ನಮಗೆ ಅಲ್ಲಾಹನು ಒಪ್ಪಿಸಿದ ಅಮಾನತ್ತು. ಸುಲಭವಾದ ಮಕ್ಕಳು ಮಾತ್ರವಲ್ಲ, ಕಷ್ಟದ ಮಕ್ಕಳೂ ಅಮಾನತ್ತೇ. ಅವರನ್ನು ಅರಿಯುವ ಬುದ್ಧಿಯನ್ನೂ ಸಹಿಸುವ ತಾಳ್ಮೆಯನ್ನೂ ಅವನು ನಮಗೆ ಕರುಣಿಸಲಿ. ಆಮೀನ್.